ಈ ವರ್ಷ "ಮನೆಗೆ ಇಷ್ಟು" ಇಲ್ಲ: ಶಾಲೆಯ ದೇಣಿಗೆ ಬಗ್ಗೆ ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ಶನಿವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬರು ಕೇಳಿದರು: "ಟೀಚರೇ, ಈ ಸಲ ಮನೆಗೆ ಎಷ್ಟು ಅಂತ ಇಡೋಣ? ಸಾವಿರ ಮಾಡಿದರೆ ಹೇಗೆ?" ನೋಡೋಣ ಅಂತ ಹೇಳಿ ಮಾತು ತೇಲಿಸಿದೆ. ಅಲ್ಲಿ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಮನೆಗೆ ಇಷ್ಟು ಎಂಬ ಲೆಕ್ಕ ಈ ವರ್ಷ ಇರುವುದಿಲ್ಲ.

ಕಾರಣ ಹೇಳಬೇಕಲ್ಲ. ಹೋದ ವರ್ಷ ವಾರ್ಷಿಕೋತ್ಸವಕ್ಕೆ ಮನೆಗೆ 500 ರೂಪಾಯಿ ಅಂತ ನಾವೇ ಮಾತಾಡಿಕೊಂಡಿದ್ದೆವು. "ಕಡ್ಡಾಯ ಅಲ್ಲ" ಅಂತ ಚೀಟಿಯಲ್ಲಿ ಬರೆದೂ ಇದ್ದೆ. ಆ ಚೀಟಿಯನ್ನು ಮಕ್ಕಳ ಕೈಯಲ್ಲೇ ಕಳಿಸಿದೆ, ಹಣವನ್ನೂ ಮಕ್ಕಳ ಕೈಯಲ್ಲೇ ತರಿಸಿದೆ. ನಾನು ಎಡವಿದ್ದು ಅಲ್ಲೇ. ಒಂದು ಬೆಳಿಗ್ಗೆ ಐದನೇ ತರಗತಿಗೆ ಹೋದರೆ, ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವ ಜಾಗದಲ್ಲಿ ಹಣ ತಾರದವರ ಹೆಸರಿತ್ತು. ಒಂಬತ್ತು ಮಕ್ಕಳು. ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ, ಕ್ಲಾಸ್ ಲೀಡರ್ ತಾನಾಗಿಯೇ ಬರೆದಿದ್ದ. ಬಿಸಿಯೂಟದ ಹೊತ್ತಿಗೆ ಆ ಒಂಬತ್ತರಲ್ಲಿ ಒಬ್ಬಳು ಬಂದು, "ಟೀಚರ್, ಬೀಡಿಯ ಮಜೂರಿ ಸಿಕ್ಕಿದ ಕೂಡಲೇ ಅಮ್ಮ ಕೊಡ್ತಾರಂತೆ, ನನ್ನ ಹೆಸರು ಅಳಿಸ್ತೀರಾ?" ಅಂದಳು. ಬೋರ್ಡ್ ಪೂರ್ತಿ ಒರೆಸಿದೆ. ಆದರೆ ಚೀಟಿ ಬರೆದವಳು ನಾನೇ ಅಲ್ವಾ?

ಅಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ವಾರ್ಷಿಕೋತ್ಸವದ ದಿನ ಮೈಕಿನಲ್ಲಿ ಐದು ಸಾವಿರ ಕೊಟ್ಟವರಿಂದ ಶುರು ಮಾಡಿ ಇಳಿಯುತ್ತಾ ಹೆಸರು ಓದಿದೆವು. ಐನೂರರ ಕೆಳಗಿನವರನ್ನು "ಮತ್ತು ಇತರರು" ಅಂತ ಮುಗಿಸಿದೆವು. ಆ ಇತರರು ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಎದುರಿಗೇ ಕುಳಿತಿದ್ದರು.

ಕಾನೂನಿನ ಮಾತು ನಿಮಗೂ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳ ಓದಿಗೆ ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ಕೇಳುವ ಹಾಗಿಲ್ಲ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಎಸ್‌ಡಿಎಂಸಿಗಳಿಗೆ ಇಲಾಖೆಯ ಸುತ್ತೋಲೆ ಬಂದಿದ್ದು ನೆನಪಿದೆಯಾ? ಅದರಲ್ಲೂ ಒತ್ತಾಯ ಇಲ್ಲ ಅಂತಲೇ ಇತ್ತು. ದೊಡ್ಡ ಗಲಾಟೆಯಾಗಿ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. ದರ ಅಂತ ಒಂದು ಗೊತ್ತಾದರೆ ಸಾಕು, ಕೊಡದವರು ಬಾಕಿದಾರರಾಗಿಬಿಡುತ್ತಾರೆ. ಮೇಲೆ "ಸ್ವಇಚ್ಛೆ" ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ ಅಷ್ಟೇ.

ಹಾಗಾದರೆ ಹಣವೇ ಬೇಡವಾ? ಬೇಕು. ಸುಮ್ನೆ ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮಲ್ಲಿ 142 ಮಕ್ಕಳಿದ್ದಾರೆ. 100ರಿಂದ 250 ಮಕ್ಕಳಿರುವ ಶಾಲೆಗೆ ಸರ್ಕಾರದ 'ಸಮಗ್ರ ಶಿಕ್ಷಣ' ಯೋಜನೆಯ ಅನುದಾನ ವರ್ಷಕ್ಕೆ 50 ಸಾವಿರ. ಅದರಲ್ಲಿ ಹತ್ತನೇ ಒಂದು ಪಾಲು ಸ್ವಚ್ಛತೆಗೇ ಎತ್ತಿಡಬೇಕು. ಉಳಿದದ್ದರಲ್ಲಿ ಚಾಕ್‌ಪೀಸ್, ರಿಜಿಸ್ಟರ್, ಸಣ್ಣಪುಟ್ಟ ರಿಪೇರಿ. ಇಬ್ಬರು ಗೌರವ ಶಿಕ್ಷಕಿಯರ ಸಂಬಳ, ವ್ಯಾನಿನ ಡೀಸೆಲ್, ಡ್ರೈವರ್ ಅಣ್ಣನ ಸಂಬಳ, ಎಲ್ಲಾ ನಿಮ್ಮಿಂದ ಮತ್ತು ಮುಂಬೈಯಲ್ಲಿರುವ ಹಳೆ ವಿದ್ಯಾರ್ಥಿಗಳಿಂದಲೇ ನಡೆಯುತ್ತಿದೆ. ನೀವು ಕೈಬಿಟ್ಟರೆ ಎರಡು ತರಗತಿಗೆ ಟೀಚರ್ ಇಲ್ಲ.

ಇಷ್ಟೇ ಆಗಿದ್ದರೆ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಗುಡ್ಡದ ಮೇಲಿನ ಕಿರಿಯ ಪ್ರಾಥಮಿಕ ಶಾಲೆಯ ವಿಷಯವೂ ನನ್ನ ತಲೆಯಲ್ಲಿ ಕೊರೆಯುತ್ತಿದೆ. ನಮಗೂ ಅದಕ್ಕೂ ಎರಡೇ ಕಿಲೋಮೀಟರ್. ನಾವು ದೇಣಿಗೆ ಎತ್ತಿ ವ್ಯಾನ್ ತಂದೆವು. ವ್ಯಾನ್ ಗುಡ್ಡದ ಬುಡದ ತನಕ ಹೋಗತೊಡಗಿತು. ಅಲ್ಲಿನ ಏಳು ಮಕ್ಕಳು ಒಬ್ಬೊಬ್ಬರಾಗಿ ಇಲ್ಲಿಗೆ ಬಂದರು. ನಮಗೆ ಖುಷಿ, ಸಂಖ್ಯೆ ಜಾಸ್ತಿಯಾಯಿತು. ಅಲ್ಲಿ 34 ಇದ್ದದ್ದು 27ಕ್ಕೆ ಇಳಿಯಿತು. 30 ದಾಟಿದ ಶಾಲೆಗೆ ಅನುದಾನ 25 ಸಾವಿರ, ಅದರೊಳಗಿದ್ದರೆ 10 ಸಾವಿರ. ಈಗ ನೀವೇ ಕೂಡಿ ಕಳೆದು ನೋಡಿ. ನಾವು ಯಾರದ್ದನ್ನೂ ಕಿತ್ತುಕೊಂಡಿಲ್ಲ, ನಮ್ಮ ಮಕ್ಕಳಿಗೆ ಒಳ್ಳೆಯದೇ ಮಾಡಿದೆವು. ಆದರೂ ಅವರ 15 ಸಾವಿರ ಹೋಯಿತು. ಅಲ್ಲಿ ಉಳಿದಿರುವುದು ವ್ಯಾನಿಗೆ ತಿಂಗಳ ಹಣ ಕೊಡಲಾಗದ ಮನೆಯ ಮಕ್ಕಳು.

ಇದನ್ನು ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವಳಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಅಲ್ಲೂ ಸರ್ಕಾರಿ ಶಾಲೆಗಳಿಗೆ ಪೋಷಕರು ಹಣ ಎತ್ತಿ ಟೀಚರ್‌ಗಳನ್ನು ಇಟ್ಟುಕೊಳ್ಳುತ್ತಿದ್ದರಂತೆ. ಒಂದು ಶಾಲೆಯವರು ಎತ್ತಿದ್ದರಲ್ಲಿ ಮೊದಲ 10 ಸಾವಿರ ಡಾಲರ್ ಬಿಟ್ಟು, ಮೇಲಿನದರಲ್ಲಿ ಮೂರನೇ ಒಂದು ಪಾಲು ಇತರ ಶಾಲೆಗಳ ನಿಧಿಗೆ ಹೋಗಬೇಕು ಎಂಬ ನಿಯಮ ಬಹಳ ವರ್ಷ ಇತ್ತು. ಅದರಿಂದ ಎಲ್ಲಾ ಸರಿಹೋಯಿತು ಅಂತಲ್ಲ. ಉಳಿದ ಎರಡು ಪಾಲು ಉಳ್ಳವರ ಶಾಲೆಯಲ್ಲೇ ಉಳಿಯುತ್ತದಲ್ಲ ಅಂತ ಅಲ್ಲೂ ಜಗಳ. ಆದರೂ ಪಕ್ಕದ ಶಾಲೆ ಅವರ ಲೆಕ್ಕದ ಪುಸ್ತಕದೊಳಗೆ ಬಂದಿತ್ತು. ನಮ್ಮ ಪುಸ್ತಕದಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಅಷ್ಟು ದೂರ ಹೋಗುವುದೇಕೆ? ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೋಗುವುದನ್ನು ನಾವು ನೋಡಿಲ್ಲವಾ? ಒಬ್ಬರು ಲಾರಿ ತುಂಬ ಅಕ್ಕಿ ಕಳಿಸುತ್ತಾರೆ, ಇನ್ನೊಬ್ಬರು ಎರಡು ತೆಂಗಿನಕಾಯಿ ಹಿಡಿದು ನಡೆದೇ ಬರುತ್ತಾರೆ. ಉಗ್ರಾಣಕ್ಕೆ ಹೋದ ಮೇಲೆ ಎಲ್ಲಾ ಒಂದೇ ರಾಶಿ. ಉರೂಸಿನ ಊಟವೂ ಹಾಗೇ. ಪಂಕ್ತಿಯಲ್ಲಿ ಕೂತವರನ್ನು ನೀವೆಷ್ಟು ಕೊಟ್ಟಿರಿ ಅಂತ ಯಾರೂ ಕೇಳುವುದಿಲ್ಲ. (ಈಗೀಗ ಲಾರಿಗೆ ಬ್ಯಾನರ್ ಕಟ್ಟುವವರೂ ಇದ್ದಾರೆ, ಅದು ಬೇರೆ ಮಾತು.)

ಹಾಗಾಗಿ ಈ ವರ್ಷದಿಂದ ಮಕ್ಕಳ ಕೈಯಲ್ಲಿ ಹಣದ ಚೀಟಿ ಬರುವುದಿಲ್ಲ. ಕೊಡುವವರು ಎಸ್‌ಡಿಎಂಸಿ ಖಾತೆಗೇ ಹಾಕಿ, ರಶೀದಿ ಕೇಳಿ ಪಡೆಯಿರಿ. ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಓದುವುದಿಲ್ಲ, ಗೋಡೆಗೂ ಬರೆಸುವುದಿಲ್ಲ. ಹೆಸರು ಬೇಕೆನ್ನುವ ದಾನಿಗಳಿಗೆ ಬೇಸರವಾಗಬಹುದು, ಅವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ. ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂಬುದು ಮಾತ್ರ ತಿಂಗಳು ತಿಂಗಳು ನೋಟಿಸ್ ಬೋರ್ಡಿನಲ್ಲಿರುತ್ತದೆ.

ಶ್ರಮದಾನದ ಬಗ್ಗೆ ಒಂದು ಎಚ್ಚರ. "ಹಣ ಕೊಡದವರು ಬೇಲಿ ಕಟ್ಟಲಿ" ಎಂಬ ಮಾತು ಸಭೆಯಲ್ಲಿ ಕೇಳಿಸಿತು. ಅದು ಬೇಡ. ಒಂದು ದಿನದ ಕೂಲಿ ಬಿಟ್ಟು ಬಂದವರು ಎಷ್ಟೋ ಸಲ ಐನೂರಕ್ಕಿಂತ ಜಾಸ್ತಿಯೇ ಕಳೆದುಕೊಂಡಿರುತ್ತಾರೆ. ಬೇಲಿ ಕೆಲಸ ಭಾನುವಾರ, ಬರಲಾಗುವವರೆಲ್ಲಾ ಬರಲಿ, ಸಾವಿರ ಕೊಟ್ಟವರೂ.

ಗುಡ್ಡದ ಶಾಲೆಯ ವಿಷಯ ನಾನೊಬ್ಬಳೇ ತೀರ್ಮಾನಿಸುವಂಥದ್ದಲ್ಲ. ನಮ್ಮ ಖಾತೆಯ ಹಣವನ್ನು ಸುಮ್ನೆ ಅಲ್ಲಿಗೆ ದಾಟಿಸಲೂ ಬರುವುದಿಲ್ಲ. ಆದರೆ ಹೊಸ ದಾನಿಗಳನ್ನು ಕೇಳುವಾಗಲೇ ಎರಡೂ ಶಾಲೆಗೆ ಅಂತ ಕೇಳಬಹುದು. ಮುಂಬೈಯವರು ಈ ಸಲ ಲೈಬ್ರರಿ ಪುಸ್ತಕದ ಎರಡು ಸೆಟ್ ಕಳಿಸಲು ಒಪ್ಪಿದ್ದಾರೆ. ಆಟೋಟ, ಪ್ರವಾಸ ಒಟ್ಟಿಗೆ ಮಾಡಬಹುದು. ವ್ಯಾನ್ ಇನ್ನು ಗುಡ್ಡದ ಬುಡಕ್ಕೆ ಹೋಗಬೇಕಾ ಬೇಡವಾ ಅನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಂದಿರುವ ಏಳು ಮಕ್ಕಳೂ ಈಗ ನಮ್ಮವರೇ. ಅಲ್ಲಿನ ಎಸ್‌ಡಿಎಂಸಿಯವರನ್ನೂ ಸಭೆಗೆ ಕರೆದಿದ್ದೇನೆ. ಅವರಿಗೇನು ಬೇಕು ಅಂತ ಅವರೇ ಹೇಳಲಿ, ನಾವು ಊಹಿಸುವುದು ಬೇಡ.

ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು ನಿಯಮ. ಇದ್ದಾರೆ, ಆದರೆ ಬೆಳಿಗ್ಗೆ 11ರ ಸಭೆಗೆ ಬಂದು ಸಹಿ ಹಾಕಿ ಓಡುತ್ತಾರೆ. ಅದಕ್ಕೇ ಈ ಸಲ ಸಭೆ ಬರುವ ಭಾನುವಾರ ಸಂಜೆ 4ಕ್ಕೆ. ಸಜ್ಜಿಗೆ-ಅವಲಕ್ಕಿ, ಚಹಾ ಇರುತ್ತದೆ. ಅದರ ಖರ್ಚು ನನ್ನದು, ದಯವಿಟ್ಟು ಯಾರೂ ದೇಣಿಗೆ ಪಟ್ಟಿಗೆ ಸೇರಿಸಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ