ನೆಡಬೇಡಿ ಅಂದ್ರೆ ಸಾಕಾ, ಹಳೇ ಬುಡ ಕೀಳೋರು ಯಾರು?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಮ್ಮೂರ ಕೆರೆ ಮೇಲ್ಗಡೆ ಹೊಲದಲ್ಲಿ ನೀಲಗಿರಿ ಕಡಿದು ಲಾರಿಗೆ ತುಂಬಿದ್ರು. ಸದ್ಯ ಪೀಡೆ ತೊಲಗ್ತು ಅಂದ್ರು ಜನ. ಎಲ್ಲಿ ತೊಲಗುತ್ತೆ ಸ್ವಾಮಿ, ಒಂದು ಹದ ಮಳೆ ಬೀಳಲಿ, ಒಂದೊಂದು ಬುಡದಲ್ಲೂ ನಾಲ್ಕೈದು ಚಿಗುರು ಎದ್ದು ಐದಾರು ವರ್ಷಕ್ಕೆ ಮತ್ತೆ ಲಾರಿ ಬಂದು ನಿಲ್ಲುತ್ತೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡ್ತು, ಒಳ್ಳೇದೇ, ಆದ್ರೆ ನಮ್ಮ ಕಡೆ ಹೊಸದಾಗಿ ನೆಡೋರು ಯಾರಿದ್ದಾರೆ, ಇರೋದೆಲ್ಲ ಹಳೇ ಬುಡಾನೇ.

ಬೇರೆಯವರನ್ನ ಬೈಯೋಕೆ ಮುಂಚೆ ನಮ್ಮನೆ ಕಥೆ ಹೇಳಿಬಿಡ್ತೀನಿ. ನಂದಿ ಬೆಟ್ಟದ ಮೇಲೆ ಟಿಪ್ಪು ಕಾಲದಲ್ಲೇ ಈ ಮರ ನೆಟ್ಟಿದ್ರಂತೆ, ಅದು ಬೆಟ್ಟ ಇಳಿದು ರಾಗಿ ಹೊಲಕ್ಕೆ ಬಂದಿದ್ದು ಮಾತ್ರ ಎಂಬತ್ತರ ದಶಕದಲ್ಲಿ, ಸಾಮಾಜಿಕ ಅರಣ್ಯ ಅಂತ ಸಸಿ ಹಂಚಿದಾಗ. ನಮ್ಮಪ್ಪಾನೂ ಎರಡು ಎಕರೆಗೆ ಹಾಕಿದ್ರು. ಅವರದ್ದೂ ತಪ್ಪು ಅನ್ನೋಕಾಗಲ್ಲ, ರಾಗಿ ಅಂದ್ರೆ ಉಳಬೇಕು, ಕಳೆ ತೆಗೀಬೇಕು, ಕುಯ್ಲು, ಕಣ, ಆಳುಗಳೆಲ್ಲ ಬೆಂಗಳೂರು ಬಸ್ ಹತ್ತಿದ್ರು, ನೀಲಗಿರಿಗೆ ನೀರೂ ಬೇಡ ಬೇಲೀನೂ ಬೇಡ, ದನ ಬಾಯೇ ಹಾಕಲ್ಲ. ದನ ಬಾಯಿ ಹಾಕದ ಗಿಡ ನಮಗ್ಯಾಕೋ ಅಂದಿದ್ದು ನಮ್ಮಜ್ಜಿ ಒಬ್ಬಳೇ. 1983ರ ಆಗಸ್ಟ್‌ನಲ್ಲಿ ಪಕ್ಕದ ತುಮಕೂರು ಜಿಲ್ಲೇಲಿ ರೈತರು ನರ್ಸರಿಗೇ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿ ಬಂದ್ರು, ನಾವು ಅದನ್ನ ಗಲಾಟೆ ಅಂದ್ಕೊಂಡ್ವಿ.

ಆ ಎರಡು ಎಕರೇಲಿ ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಬದು ತುಂಬಾ ಹುಲ್ಲು ಇರ್ತಿತ್ತು. ಈಗ ನೀಲಗಿರಿ ಕೆಳಗೆ ಕಾಲಿಟ್ಟು ನೋಡಿ, ಒಣಗಿದ ಎಲೆ ಗರಗರ ಅನ್ನುತ್ತೆ, ಬೇಗ ಕೊಳೆಯಲ್ಲ, ಹುಲ್ಲೂ ಮೇಲೇಳಲ್ಲ. ಹುಲ್ಲಿಲ್ಲದ ಕಡೆ ಗೌಜಲ ಹಕ್ಕಿ ಯಾಕೆ ಬರುತ್ತೆ. ಕುರಿ ಸಾಕ್ತಿದ್ದ ಏಳೆಂಟು ಮನೇಲಿ ಒಂದೇ ಉಳಿದಿದೆ, ಅವರೂ ಬೇಸಿಗೇಲಿ ಕುರಿ ಹೊಡ್ಕೊಂಡು ಆಂಧ್ರ ಗಡಿ ಕಡೆ ಹೋಗ್ತಾರೆ.

ಹೊಸಕೋಟೆ ಕಡೆ ವಿಜ್ಞಾನಿಗಳು ಅಳೆದು ನೋಡಿದಾಗ ಬಿದ್ದ ಮಳೆಗಿಂತ ಜಾಸ್ತಿ ನೀರನ್ನ ಈ ಮರ ಕುಡಿದಿತ್ತು, ಅಂದ್ರೆ ಮಣ್ಣಲ್ಲಿ ಕೂಡಿಟ್ಟಿದ್ದ ಹಳೇ ತೇವಾನೂ ಬೇರು ಎಳ್ಕೊಂಡಿತ್ತು. ಎಲ್ಲಾನೂ ನೀಲಗಿರಿ ತಲೆಗೇ ಕಟ್ಟಲ್ಲ, ಬಾವಿ ಬತ್ತಿದ ಮೇಲೆ 1,200 ಅಡಿ ದಾಟಿ ಬೋರ್ ಕೊರೆಸಿದ್ದು ನಾವೇ. ಅಷ್ಟು ಆಳದ ಬಂಡೆ ಸಂದಿ ನೀರಲ್ಲಿ ಫ್ಲೋರೈಡ್ ಜಾಸ್ತಿ, ಕುಡಿಯೋ ನೀರಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ, ಬಾಗೇಪಲ್ಲಿ, ಗುಡಿಬಂಡೆ ಕಡೆ ಹಲ್ಲು ಹಳದಿ ತಿರುಗಿರೋ ಮಕ್ಕಳನ್ನ ನೋಡಿ ಸಾಕು.

ಹೋದ ವರ್ಷ ನಾನು ಬುಡ ಕೀಳಿಸೋಕೆ ಇಳಿದೆ. ಒಂದೊಂದೂ ಎಮ್ಮೆ ತಲೆ ಗಾತ್ರ, ಕೈಯಲ್ಲಿ ಆಗೋ ಕೆಲಸ ಅಲ್ಲ, ಉದ್ಯೋಗ ಖಾತ್ರೀಲಿ ಮಾಡಿಸೋಣ ಅಂದ್ರೆ ಮಿಷನ್ ಬಿಡೋ ಹಾಗಿಲ್ಲ. ಜೆಸಿಬಿಗೆ ಗಂಟೆಗೆ 1,200 ರೂಪಾಯಿ. ಒಂದು ಸೀಮೆಹಸು ಮಾರಿ ಒಂದು ಎಕರೆ ಮುಗಿಸಿದ್ದೀನಿ, ಇನ್ನೊಂದು ಎಕರೆ ಹಾಗೇ ನಿಂತಿದೆ. ಬೋರ್ ಕೊರೆಸೋಕೆ ಸಬ್ಸಿಡಿ ಕೊಡೋ ಸರ್ಕಾರ ಬುಡ ಕೀಳೋಕೂ ಸ್ವಲ್ಪ ಕೊಡಲಿ, ಕೆರೆಗೆ ನೀರು ಹರಿಯೋ ಹೊಲಗಳಿಂದಾನೇ ಶುರು ಮಾಡಲಿ, ಹೊಂಗೆ, ನೇರಳೆ, ಹುಣಸೆ ಸಸಿ ಕೊಟ್ರೆ ನಾವೇ ನೆಟ್ಕೋತೀವಿ.

ಕಿತ್ತ ಎಕರೇಲಿ ಈ ಮುಂಗಾರಿಗೆ ರಾಗಿ ಬಿತ್ತಿದ್ದೆ, ಮೊಳಕಾಲುದ್ದ ಬಂದು ನಿಂತುಬಿಡ್ತು. ನೆಲ ಸುಧಾರಿಸೋಕೆ ಎರಡು ಮೂರು ವರ್ಷ ಕೆರೆ ಗೋಡು, ಅಂದ್ರೆ ಕೆರೆ ತಳದ ಹೂಳು ಮಣ್ಣು, ಹೊಡೀಬೇಕಂತೆ. ಗೋಡಿಗೇನೂ ಬರ ಇಲ್ಲ, ಕೆರೆ ಒಣಗೇ ಇದೆಯಲ್ಲ.

ಇಂತಿ,
ಒಬ್ಬ ರೈತ, ಶಿಡ್ಲಘಟ್ಟ ತಾಲ್ಲೂಕು