ಗಡಿ ದಾಟುವ ಕಾರಿನ ಹೆಡ್‌ಲೈಟ್ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆ ಹತ್ತಿರವಾದಂತೆ ಕನ್ನಡ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಯುರೋಪಿನ ರಸ್ತೆ ಪ್ರವಾಸದ ಲೇಖನಗಳು ಬರತೊಡಗುತ್ತವೆ. ವೀಸಾ, ವಿಮೆ, ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಟೋಲ್, ಸಸ್ಯಾಹಾರ ಸಿಗುವ ಊರುಗಳು ಎಲ್ಲವನ್ನೂ ಅಕ್ಕರೆಯಿಂದ ವಿವರಿಸುವ ಈ ಲೇಖನಗಳಲ್ಲಿ, ಎಡಬದಿ ಸಂಚಾರವಿರುವ ದೇಶದಿಂದ ಬಲಬದಿ ಸಂಚಾರವಿರುವ ದೇಶಕ್ಕೆ ಸ್ವಂತ ಕಾರು ಒಯ್ಯುವವರು ಹೆಡ್‌ಲೈಟ್ ಸರಿಹೊಂದಿಸಿಕೊಳ್ಳಬೇಕು ಎಂಬ ಮಾತು ಮಾತ್ರ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿಗೆ ಹತ್ತಿಸಿ, ಸುಮಾರು 35 ನಿಮಿಷಗಳಲ್ಲಿ ಕಡಲ ಕೆಳಗಿನ ಸುರಂಗ ದಾಟಿ ಫ್ರಾನ್ಸಿನ ಕ್ಯಾಲೆ ತಲುಪುತ್ತಾರೆ. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸ್ವಿಟ್ಜರ್ಲೆಂಡ್, ಇಟಲಿ ಸುತ್ತಿಸುವವರೂ ಇದ್ದಾರೆ. ಅವರಿಗಾಗಿ ಈ ಪತ್ರ.

ಕಾರಿನ ಡಿಮ್ ಲೈಟು ಎರಡೂ ಬದಿಗೆ ಒಂದೇ ಸಮನಾಗಿ ಬೀಳುವುದಿಲ್ಲ. ಸಂಜೆಗತ್ತಲಲ್ಲಿ ಗೋಡೆಯೊಂದರ ಎದುರು, ಏಳೆಂಟು ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಮ್ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭಾರತದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಓಡುವ ಕಾರಿನ ಬೆಳಕಿನ ಮೇಲಂಚು ಬಲಗಡೆ ಗೆರೆ ಎಳೆದಂತೆ ಸಮತಟ್ಟಾಗಿದ್ದು, ನಡುವಿನಿಂದ ಎಡಕ್ಕೆ ಓರೆಯಾಗಿ ಮೇಲೇರುತ್ತದೆ. ಸಾಮಾನ್ಯ ಹ್ಯಾಲೊಜೆನ್ ದೀಪಗಳಲ್ಲಿ ಈ ಏರು ಸುಮಾರು 15 ಡಿಗ್ರಿ. ಎದುರಿನಿಂದ ವಾಹನ ಬರುವುದು ನಮ್ಮ ಬಲಗಡೆಯಿಂದ, ಆದ್ದರಿಂದ ಅಲ್ಲಿ ಬೆಳಕು ತಗ್ಗಿರಬೇಕು. ರಸ್ತೆಯಂಚಿನಲ್ಲಿ ನಡೆಯುವವರು, ಸೈಕಲ್ ಸವಾರರು, ಫಲಕಗಳು ಇರುವುದು ಎಡಗಡೆ, ಆದ್ದರಿಂದ ಅಲ್ಲಿ ಬೆಳಕು ದೂರಕ್ಕೆ ಹರಿಯಬೇಕು. ಇದೇ ಕಾರು ಕ್ಯಾಲೆಯಲ್ಲಿಳಿದು ರಸ್ತೆಯ ಬಲಬದಿಗೆ ಹೊರಳಿದೊಡನೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮೇಲೇರುವ ಬೆಳಕು ಎದುರಿನ ಚಾಲಕನ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ, ನಾವು ನೋಡಲೇಬೇಕಾದ ಬಲ ಅಂಚು ಕತ್ತಲಲ್ಲಿ ಉಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು, ಈ ತೊಂದರೆ ಅದನ್ನು ಉಂಟುಮಾಡುವವನಿಗೇ ಕಾಣುವುದಿಲ್ಲ ಎಂಬ ಸಂಗತಿ. ಸ್ಟೇರಿಂಗ್ ಹಿಂದೆ ಕುಳಿತವನಿಗೆ ರಸ್ತೆ ಎಂದಿನಂತೆಯೇ ಬೆಳಗಿರುವಂತೆ ತೋರುತ್ತದೆ. ಎದುರಿನವರು ಲೈಟು ಮಿಣುಕಿಸಿ ಎಚ್ಚರಿಸಿದರೂ, ‘ನಾನು ಡಿಮ್‌ನಲ್ಲೇ ಇದ್ದೇನಲ್ಲ’ ಎಂದುಕೊಂಡು ಅವನು ಮುಂದೆ ಸಾಗುತ್ತಾನೆ. ಆದ್ದರಿಂದಲೇ ಇದನ್ನು ಮೊದಲೇ ಯಾರಾದರೂ ಹೇಳಿಕೊಡಬೇಕಾಗುತ್ತದೆ.

‘ನಾವು ಹಗಲು ಹೊತ್ತು ಮಾತ್ರ ಓಡಿಸುತ್ತೇವೆ, ನಮಗೇಕೆ ಇದು’ ಎನ್ನುವ ಸ್ನೇಹಿತರಿದ್ದಾರೆ. ಅವರು ಆಲ್ಪ್ಸ್ ಪರ್ವತದ ಸುರಂಗಗಳನ್ನು ನೆನೆಯಬೇಕು. ಫ್ರಾನ್ಸ್ ಮತ್ತು ಇಟಲಿಗಳ ನಡುವಿನ ಮೋಂ ಬ್ಲಾಂ ಸುರಂಗ 11.6 ಕಿಲೋಮೀಟರ್ ಉದ್ದವಿದೆ. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ರಸ್ತೆ ಸುರಂಗ ಹತ್ತಿರಹತ್ತಿರ 17 ಕಿಲೋಮೀಟರ್. ಎರಡರಲ್ಲೂ ಒಂದೇ ಕೊಳವೆಯೊಳಗೆ ಹೋಗುವ ಮತ್ತು ಬರುವ ವಾಹನಗಳು ಎದುರುಬದುರಾಗಿ ಸಾಗುತ್ತವೆ, ನಡುವೆ ವಿಭಜಕ ಗೋಡೆಯಿಲ್ಲ. ಅಲ್ಲಿ ನಡುಹಗಲಿನಲ್ಲೂ ಡಿಮ್ ಲೈಟ್ ಉರಿಯುತ್ತಿರಲೇಬೇಕು. ಮಳೆ, ಮಂಜು ಕವಿದಾಗಿನ ಮಾತಂತೂ ಹೇಳಬೇಕಾಗಿಯೇ ಇಲ್ಲ.

ಪರಿಹಾರ ಕಷ್ಟದ್ದಲ್ಲ, ಆದರೆ ಕಾರಿನಿಂದ ಕಾರಿಗೆ ಬೇರೆ. ಹೊಸ ಎಲ್‌ಇಡಿ ದೀಪಗಳಿರುವ ಹಲವು ಕಾರುಗಳಲ್ಲಿ ಪರದೆಯ ಮೆನುವಿನೊಳಗೆ ‘ಟ್ರಾವೆಲ್ ಮೋಡ್’ ಅಥವಾ ಎಡ ಸಂಚಾರ, ಬಲ ಸಂಚಾರ ಎಂಬ ಆಯ್ಕೆ ಇರುತ್ತದೆ. ಕೆಲವು ಕಾರುಗಳಲ್ಲಿ ಬಾನೆಟ್ ಎತ್ತಿ, ದೀಪದ ಹಿಂದಿನ ಮುಚ್ಚಳ ತೆಗೆದು ಸಣ್ಣ ಲಿವರ್ ಒಂದನ್ನು ಸರಿಸಬೇಕು. ಏನನ್ನೂ ಬದಲಿಸಬೇಕಿಲ್ಲದ ಕಾರುಗಳೂ ಇವೆ. ನಿಮ್ಮದು ಯಾವ ಬಗೆಯೆಂದು ಹೇಳಬಲ್ಲದ್ದು ಕಾರಿನೊಂದಿಗೆ ಬಂದ ಕೈಪಿಡಿ ಮಾತ್ರ. ಪರಿಚಿತರ ಸಲಹೆಗಿಂತ ಅದನ್ನು ನಂಬುವುದು ಲೇಸು. ಇವಾವುದೂ ಇಲ್ಲದ ಹಳೆಯ ಕಾರುಗಳಿಗೆ ಬೆಳಕು ತಿರುಗಿಸುವ ಸ್ಟಿಕ್ಕರ್‌ಗಳು ಬ್ರಿಟನ್ನಿನ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತವೆ. ದೀಪ ಆರಿಸಿ ತಣ್ಣಗಾದ ಮೇಲೆ ಗಾಜನ್ನು ಒರೆಸಿ, ಪೊಟ್ಟಣದಲ್ಲಿರುವ ನಕ್ಷೆಗಳಲ್ಲಿ ನಮ್ಮ ಕಾರಿನ ಮಾದರಿಯನ್ನು ಹುಡುಕಿ, ಅದರಲ್ಲಿ ತೋರಿಸಿದ ಜಾಗಕ್ಕೇ ಅಂಟಿಸಬೇಕು. ಅಂದಾಜಿನಲ್ಲಿ ಅಂಟಿಸಿದ ಸ್ಟಿಕ್ಕರ್ ಬೆಳಕನ್ನು ತಡೆಯಬೇಕಾದಲ್ಲಿ ತಡೆಯದೆ, ಬೇಕಾದಲ್ಲಿ ತಡೆದುಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿರುವ, ದೀಪದ ಎತ್ತರ ತಗ್ಗಿಸುವ ಸಣ್ಣ ಚಕ್ರವನ್ನು ತಿರುಗಿಸಿದರೆ ಸಾಕೆಂಬ ನಂಬಿಕೆ ನಮ್ಮವರಲ್ಲಿ ವ್ಯಾಪಕವಾಗಿದೆ. ಅದರಿಂದ ಇಡೀ ಬೆಳಕು ಕೆಳಗಿಳಿದು ನಮಗೆ ಕಾಣುವ ದೂರ ಕಡಿಮೆಯಾಗುತ್ತದೆಯೇ ಹೊರತು, ಎಡಕ್ಕೆ ಏರುವ ಆ ಓರೆ ಹಾಗೆಯೇ ಉಳಿಯುತ್ತದೆ.

ಇದನ್ನು ಒಂದು ದೇಶವೇ ಎಷ್ಟು ಗಂಭೀರವಾಗಿ ತೆಗೆದುಕೊಂಡಿತ್ತು ಎಂಬುದಕ್ಕೆ ಸ್ವೀಡನ್ ಸಾಕ್ಷಿ. 1967ರ ಸೆಪ್ಟೆಂಬರ್ 3ರಂದು ಅಲ್ಲಿ ಸಂಚಾರ ಎಡದಿಂದ ಬಲಕ್ಕೆ ಬದಲಾಯಿತು. ಅದಕ್ಕೂ ಮೊದಲೇ ವಾಹನಗಳಿಗೆ ಬಲಬದಿ ಸಂಚಾರಕ್ಕೆ ಹೊಂದುವ ಹೆಡ್‌ಲೈಟ್‌ಗಳನ್ನು ಹಾಕಿಸಿ, ಆ ದಿನದವರೆಗೆ ಎದುರಿನವರಿಗೆ ಕಣ್ಣು ಕೋರೈಸದಂತೆ ಗಾಜಿನ ಒಂದು ಭಾಗವನ್ನು ಸ್ಟಿಕ್ಕರಿನಿಂದ ಮುಚ್ಚಲಾಗಿತ್ತು; ಸೆಪ್ಟೆಂಬರ್ 3ಕ್ಕೆ ಮುನ್ನ ಕೀಳಬಾರದು ಎಂಬ ಸೂಚನೆ ಆ ಸ್ಟಿಕ್ಕರಿನ ಮೇಲೆಯೇ ಇತ್ತು.

ಇದು ಬ್ರಿಟನ್ನಿನ ಕನ್ನಡಿಗರಿಗಷ್ಟೇ ಸೇರಿದ ವಿಷಯವಲ್ಲ. ಬೆಂಗಳೂರಿನಿಂದ ಸ್ವಂತ ವಾಹನದಲ್ಲಿ ಲಂಡನ್‌ವರೆಗೆ ಹೋಗುವ ಸಾಹಸಿಗಳ ಸುದ್ದಿಯನ್ನು ನಿಮ್ಮಂತಹ ಪತ್ರಿಕೆಗಳು ಆಗಾಗ ಪ್ರಕಟಿಸುತ್ತವೆ. ನೇಪಾಳ, ಭೂತಾನ್, ಬಾಂಗ್ಲಾದೇಶಗಳಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ ಇರುವುದರಿಂದ ಅಲ್ಲಿಗೆ ಹೋಗಿಬಂದವರಿಗೆ ಈ ಪ್ರಶ್ನೆಯೇ ಎದುರಾಗುವುದಿಲ್ಲ. ಆದರೆ ಮಣಿಪುರದ ಮೋರೆ ಗಡಿ ದಾಟಿ ಮ್ಯಾನ್ಮಾರ್ ಪ್ರವೇಶಿಸುವವರಿಗೆ ಅಲ್ಲಿಂದಲೇ ಬಲಬದಿ ಶುರು. ಆ ದೇಶ 1970ರಲ್ಲೇ ಬಲಕ್ಕೆ ಬದಲಾಗಿದೆ. ಮುಂದೆ ಚೀನಾ, ಮಧ್ಯ ಏಷ್ಯಾ, ಯುರೋಪ್ ಎಂದು ಸಾವಿರಾರು ಕಿಲೋಮೀಟರ್ ಎಡಬದಿ ಸಂಚಾರದ ದೀಪದೊಂದಿಗೇ ಸಾಗುವುದು ಎಷ್ಟು ಸರಿ? ಬೀದಿದೀಪಗಳಿಲ್ಲದ ದಾರಿಗಳಲ್ಲಿ ಸೈಕಲ್ ತುಳಿಯುವವರು, ದನಕರು ಹೊಡೆದುಕೊಂಡು ಹೋಗುವವರು ರಸ್ತೆಯ ಬಲ ಅಂಚಿನಲ್ಲೇ ಇರುತ್ತಾರೆ. ಇಂಥ ಪ್ರವಾಸಗಳನ್ನು ಏರ್ಪಡಿಸುವ ಸಂಸ್ಥೆಗಳು ಕಾಗದಪತ್ರಗಳ ಪಟ್ಟಿಯ ಜೊತೆಗೆ ಹೆಡ್‌ಲೈಟ್ ತಪಾಸಣೆಯನ್ನೂ ಸೇರಿಸಬೇಕು. ಹೊರಡುವ ಮುನ್ನ ಊರಿನ ಗ್ಯಾರೇಜಿನಲ್ಲೇ ಗೋಡೆಯ ಮೇಲೆ ಬೆಳಕು ಬಿಟ್ಟು, ತಿರುಗಿಸಿ ನೋಡಿ ಖಚಿತಪಡಿಸಿಕೊಳ್ಳುವುದು ಒಂದು ಸಂಜೆಯ ಕೆಲಸವಷ್ಟೇ.

ಆದ್ದರಿಂದ, ಮುಂದಿನ ಸಲ ಇಂತಹ ಪ್ರವಾಸ ಲೇಖನ ಪ್ರಕಟಿಸುವಾಗ ಹೆಡ್‌ಲೈಟಿನ ಬಗ್ಗೆ ಒಂದು ಪ್ಯಾರಾವನ್ನಾದರೂ ಸೇರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಅದರಲ್ಲಿ ಮರಳಿ ಬರುವಾಗಿನ ಮಾತೂ ಇರಲಿ: ಎಡಬದಿಯ ರಸ್ತೆಗೆ ಇಳಿದೊಡನೆ ಸ್ಟಿಕ್ಕರ್ ಕಿತ್ತು ಹಾಕಬೇಕು, ಲಿವರ್ ಅಥವಾ ಮೆನುವನ್ನು ಮೊದಲಿನಂತೆ ಮಾಡಬೇಕು. ಇಲ್ಲವಾದರೆ ಅದೇ ತೊಂದರೆ ನಮ್ಮ ಊರಿನವರಿಗೇ ಆಗುತ್ತದೆ, ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಕಾರು ಅನುತ್ತೀರ್ಣವೂ ಆಗುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಓರ್ವ ಓದುಗ,
ಕೆಂಟ್, ಇಂಗ್ಲೆಂಡ್