ಕ್ಲಬ್ ಆಟಗಾರರ ಪಂದ್ಯಗಳಿಗೂ ಅಂಕಣದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾಪುಟದ ಚೆಸ್ ಅಂಕಣದಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳ ಆಟಗಳಷ್ಟೇ ಪ್ರಕಟವಾಗುತ್ತಿವೆ. ಕಳೆದ ಭಾನುವಾರ ನಮ್ಮೂರಿನ ಕ್ಲಬ್ ಟೂರ್ನಿಯಲ್ಲಿ ಕಂಡ ಒಂದು ಆಟ ಈ ಪತ್ರಕ್ಕೆ ಕಾರಣ. ನಾಲ್ಕು ಗಂಟೆ ಸೆಣಸಿದ ಮೇಲೆ ಬಿಳಿಯ ಬಳಿ ಆನೆ ಮತ್ತು ಒಂದು ಕಾಲಾಳು, ಕಪ್ಪಿನ ಬಳಿ ಆನೆ ಮಾತ್ರ ಉಳಿದಿದ್ದವು. ಬಿಳಿ ಕಾಲಾಳು ಬಿಳಿಯ ಕಡೆಯಿಂದ ಎಣಿಸಿದರೆ ಐದನೇ ಸಾಲಿನಲ್ಲಿತ್ತು, ಕಪ್ಪು ರಾಜ ಅದಕ್ಕೆ ಎದುರಾಗಿಯೇ ನಿಂತಿದ್ದ. ಕಪ್ಪು ಆನೆಯನ್ನು ಆರನೇ ಸಾಲಿನಲ್ಲೇ ಇರಿಸಿ ಬಿಳಿ ರಾಜನನ್ನು ತಡೆದು, ಕಾಲಾಳು ಆರಕ್ಕೆ ಏರಿದೊಡನೆ ಮೊದಲ ಸಾಲಿಗೆ ಇಳಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಿದ್ದರೆ ಆಟ ಡ್ರಾ ಆಗುತ್ತಿತ್ತು. ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ವಿವರಿಸಿದ ರಕ್ಷಣೆಯಿದು. ಗಡಿಯಾರದಲ್ಲಿ ಎರಡೇ ನಿಮಿಷ ಉಳಿದಿದ್ದ, ಕಪ್ಪು ಕಾಯಿಗಳಿಂದ ಆಡುತ್ತಿದ್ದ ಹುಡುಗ, ಬೆರಳು ನಡುಗುತ್ತಿದ್ದಂತೆಯೇ, ಆತುರದಿಂದ ಆರನೇ ಸಾಲು ಬಿಟ್ಟುಕೊಟ್ಟು ಕೊನೆಗೆ ಸೋತ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್ ಕೂಡ ಕೆಲವೇ ಕಾಯಿಗಳು ಉಳಿದಿರುವ ಅಂತ್ಯದಾಟದಲ್ಲಿ ಆನೆಯ ಒಂದು ತಪ್ಪು ನಡೆಯಿಂದಲೇ ಗುಕೇಶ್‌ಗೆ ಪಟ್ಟ ಬಿಟ್ಟುಕೊಟ್ಟರು. ಆದರೆ ನಮ್ಮ ಮಕ್ಕಳು ನಿತ್ಯ ಮಾಡುವ ತಪ್ಪುಗಳು ಅವರದೇ ಮಟ್ಟದ ಆಟಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಆದ್ದರಿಂದ ತಿಂಗಳಿಗೆ ಒಂದಾದರೂ ಕ್ಲಬ್ ಪಂದ್ಯವನ್ನು, ಆಟಗಾರರ ಒಪ್ಪಿಗೆ ಪಡೆದು, ಚಿತ್ರ ಮತ್ತು ಕನ್ನಡದ ವಿವರಣೆಯೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಚೆಸ್ ತರಬೇತುದಾರ